ದಿನದ ಪುಟ ದಿನವೇ ಹಿಡಿದಿಡಿ: ವೆಬ್‌ಸೈಟ್ ಸ್ಕ್ರೀನ್‌ಶಾಟನ್ನು ಕಂಪ್ಯೂಟರ್ ಕೈಲೇ ತೆಗೆಸುವ ವಿಧಾನ

ಕಾಫಿ ದರದ ಪುಟ, ಹೇಮಾವತಿ ಜಲಾಶಯದ ಮಟ್ಟ ತೋರಿಸುವ ಪುಟ, ಹೋಬಳಿವಾರು ಮಳೆಯ ಪುಟ. ಹಾಸನ, ಚಿಕ್ಕಮಗಳೂರು ಕಡೆ ಬೆಳಿಗ್ಗೆ ಎದ್ದವರು ಮೊಬೈಲಿನಲ್ಲಿ ತೆರೆದು ನೋಡುವುದು ಹೆಚ್ಚುಕಡಿಮೆ ಇವನ್ನೇ. ಇವತ್ತಿನ ಅಂಕಿ ಬಂದಮೇಲೆ ನಿನ್ನೆಯದು ಸಾಮಾನ್ಯವಾಗಿ ಆ ಜಾಗದಲ್ಲಿ ಉಳಿದಿರುವುದಿಲ್ಲ. ಎರಡು ತಿಂಗಳು ಕಳೆದು "ಆವತ್ತು ರೋಬಸ್ಟಾ ಚೆರ್ರಿ ಎಷ್ಟಿತ್ತು?" ಎಂದು ವ್ಯಾಪಾರಿಗೂ ಬೆಳೆಗಾರನಿಗೂ ಮಾತು ಬಂದರೆ, ಮದುವೆ ಫೋಟೊ, ಶುಭೋದಯದ ಚಿತ್ರಗಳ ನಡುವೆ ಮೊಬೈಲ್ ಗ್ಯಾಲರಿ ತಡಕಬೇಕು. ಅದರ ಬದಲು ದಿನವೂ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ, ದಿನಾಂಕದ ಫೋಲ್ಡರಿಗೆ ಸ್ಕ್ರೀನ್‌ಶಾಟ್ ತಾನಾಗಿ ಬಂದು ಬೀಳುವಂತೆ ಮಾಡಿಟ್ಟುಕೊಳ್ಳಬಹುದು. ಅಂಗಡಿಯ ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು.

ಚಿತ್ರ ತೆಗೆಸುವುದು ಹತ್ತು ನಿಮಿಷದ ಕೆಲಸ. ಕಷ್ಟ ಇರುವುದು ಬೇರೆ ಕಡೆ. 'ಲೋಡಿಂಗ್' ಚಕ್ರ ತಿರುಗುತ್ತಿರುವ ಖಾಲಿ ಪುಟದ ಚಿತ್ರ, ನಿನ್ನೆಯ ದರದ ಚಿತ್ರ, ಲಾಗಿನ್ ಕೇಳುತ್ತಿರುವ ಪುಟದ ಚಿತ್ರ, ಇವೆಲ್ಲ ಸರಿಯಾದ ಚಿತ್ರದಷ್ಟೇ ಸದ್ದಿಲ್ಲದೆ ಫೋಲ್ಡರಿನಲ್ಲಿ ಕೂತಿರುತ್ತವೆ. ಬೇಕಾದ ದಿನ ತೆರೆದಾಗಲೇ ಗೊತ್ತಾಗುವುದು. ಹಾಗಾಗಿ ಮುಂದಿನ ವಿವರಣೆಯ ಬಹುಪಾಲು ಚಿತ್ರ ತೆಗೆಯುವುದರ ಬಗ್ಗೆ ಅಲ್ಲ, ಯಾವಾಗ ತೆಗೆಯಬಾರದು ಎಂದು ಕಂಪ್ಯೂಟರಿಗೆ ತಿಳಿಸುವುದರ ಬಗ್ಗೆ ಇದೆ.

ಒಂದೇ ಸಲಕ್ಕೆ ಒಂದು ಪುಟ ಬೇಕಿದ್ದರೆ ಇಷ್ಟೆಲ್ಲ ರಗಳೆ ಬೇಡ. ಕ್ರೋಮ್‌ನಲ್ಲಿ ಪುಟ ತೆರೆದು ಎಫ್12 ಒತ್ತಿ, ಆಮೇಲೆ ಕಂಟ್ರೋಲ್, ಶಿಫ್ಟ್, ಪಿ ಮೂರನ್ನೂ ಒಟ್ಟಿಗೆ ಒತ್ತಿ, ಬಂದ ಪೆಟ್ಟಿಗೆಯಲ್ಲಿ 'ಸ್ಕ್ರೀನ್‌ಶಾಟ್' ಎಂದು ಟೈಪ್ ಮಾಡಿ, 'ಕ್ಯಾಪ್ಚರ್ ಫುಲ್ ಸೈಜ್ ಸ್ಕ್ರೀನ್‌ಶಾಟ್' ಆರಿಸಿದರೆ ಮೇಲಿನಿಂದ ಕೆಳಗಿನವರೆಗೆ ಇಡೀ ಪುಟ ಡೌನ್‌ಲೋಡ್ ಆಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇನ್ನೂ ಸುಲಭ: ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ 'ಟೇಕ್ ಸ್ಕ್ರೀನ್‌ಶಾಟ್' ಆರಿಸಿಕೊಳ್ಳಿ. ದಿನವೂ ಬೇಕು, ನಾಲ್ಕೈದು ಪುಟ ಬೇಕು ಎನ್ನುವವರು ಮುಂದೆ ಓದಿ.

ಸಾಧನ ಯಾವುದು, ಹಾಕಿಕೊಳ್ಳುವುದು ಹೇಗೆ

ಇಲ್ಲಿ ಆರಿಸಿಕೊಂಡಿರುವುದು ಶಾಟ್-ಸ್ಕ್ರೇಪರ್. ಸೈಮನ್ ವಿಲಿಸನ್ ಎಂಬ ಪ್ರೋಗ್ರಾಮರ್ 2022ರಲ್ಲಿ ಹೊರತಂದ, ಪುಕ್ಕಟೆಯಾಗಿ ಸಿಗುವ, ಕಮಾಂಡ್ (ಟೈಪ್ ಮಾಡಿದ ಆಜ್ಞೆ) ಕೊಟ್ಟು ನಡೆಸುವ, ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ತಂತ್ರಾಂಶ. ಇದರ ಒಳಗೆ ದುಡಿಯುವುದು ಮೈಕ್ರೋಸಾಫ್ಟ್ 2020ರಲ್ಲಿ ಬಿಡುಗಡೆ ಮಾಡಿದ ಪ್ಲೇರೈಟ್. ಅದು ನಿಜವಾದ ಕ್ರೋಮಿಯಂ ಬ್ರೌಸರನ್ನೇ ಪರದೆಗೆ ಕಾಣದಂತೆ ತೆರೆದು, ಪುಟ ಮೂಡಿದಮೇಲೆ ಚಿತ್ರ ತೆಗೆದು ಮುಚ್ಚುತ್ತದೆ. ಹೀಗೆ ಕಿಟಕಿ ಇಲ್ಲದೆ ನಡೆಯುವ ಬ್ರೌಸರಿಗೆ 'ಹೆಡ್‌ಲೆಸ್' ಎನ್ನುತ್ತಾರೆ. ಗೂಗಲ್ 2017ರಲ್ಲಿ ತಂದ ಪಪೆಟಿಯರ್ ಕೂಡ ಇದೇ ಜಾತಿಯದು, ಜಾವಾಸ್ಕ್ರಿಪ್ಟ್ (ಬ್ರೌಸರಿನೊಳಗೆ ಓಡುವ ಪ್ರೋಗ್ರಾಂ ಭಾಷೆ) ಬಲ್ಲವರು ಅದನ್ನೇ ಹಿಡಿಯಬಹುದು. ಹಳೆಯ ಪಾಠಗಳಲ್ಲಿ ಫ್ಯಾಂಟಮ್‌ಜೆಎಸ್ ಎಂಬ ಹೆಸರು ಸಿಕ್ಕಿದರೆ ಮಾತ್ರ ಅಲ್ಲಿಗೇ ಬಿಟ್ಟುಬಿಡಿ. 2018ರಲ್ಲೇ ಅದರ ಕೆಲಸ ನಿಂತುಹೋಗಿದೆ, ಈಗಿನ ಪುಟಗಳನ್ನು ಅರ್ಧಂಬರ್ಧ ತೋರಿಸುತ್ತದೆ.

ಒಂದು ಒಪ್ಪಂದ: ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ, ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರದಲ್ಲೇ ಹೊಡೆಯಬೇಕು. ಅಡ್ಡಗೆರೆ, ಚುಕ್ಕಿ, ಉದ್ಧರಣ ಚಿಹ್ನೆಗಳು ಇದ್ದ ಹಾಗೇ.

ವಿಂಡೋಸ್‌ನಲ್ಲಿ ಪೈಥಾನ್ 3 ಹಾಕುವಾಗ ಮೊದಲ ಪರದೆಯ ಕೆಳಗೆ 'ಪಾತ್'ಗೆ (ಕಂಪ್ಯೂಟರ್ ಕಮಾಂಡ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸಬೇಕೇ ಎಂದು ಕೇಳುವ ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿ. ಟಿಕ್ ಮರೆತರೆ ಮುಂದಿನ ಕಮಾಂಡ್ ಕೊಟ್ಟಾಗ 'ಪಿಪ್ ಯಾವುದೆಂದೇ ಗೊತ್ತಿಲ್ಲ' ಎಂಬ ಅರ್ಥದ ಸಂದೇಶ ಬರುತ್ತದೆ (ಪಿಪ್ ಅಂದರೆ ಪೈಥಾನ್ ತಂತ್ರಾಂಶಗಳನ್ನು ತಂದು ಹಾಕುವ ಸಾಧನ). ಆಗ ಪೈಥಾನನ್ನು ಮತ್ತೆ ಹಾಕುವುದೇ ಹತ್ತಿರದ ದಾರಿ. ಆಮೇಲೆ ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್ ತೆರೆದು ಈ ಎರಡು ಸಾಲು:

ಪಿಪ್ ಇನ್‌ಸ್ಟಾಲ್ ಶಾಟ್-ಸ್ಕ್ರೇಪರ್
ಶಾಟ್-ಸ್ಕ್ರೇಪರ್ ಇನ್‌ಸ್ಟಾಲ್

ಮೊದಲನೆಯದು ತಂತ್ರಾಂಶವನ್ನು ತರುತ್ತದೆ, ಎರಡನೆಯದು ಅದಕ್ಕೆ ಬೇಕಾದ ಕ್ರೋಮಿಯಂ ಬ್ರೌಸರನ್ನು. ಈ ಬ್ರೌಸರ್ ನೂರು ಎಂಬಿಗೂ ಮೇಲೆ ಇದೆ. ತೋಟದ ಮನೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದುಕೊಂಡು ಕೂರುವ ಬದಲು ಊರಿಗೆ ಹೋದಾಗ ಬ್ರಾಡ್‌ಬ್ಯಾಂಡ್ ಇರುವ ಕಡೆ ಮುಗಿಸಿಕೊಳ್ಳಿ. ಉಬುಂಟು, ಡೆಬಿಯನ್‌ನ ಹೊಸ ಆವೃತ್ತಿಗಳಲ್ಲಿ ಪಿಪ್ ನೇರವಾಗಿ ಒಪ್ಪುವುದಿಲ್ಲ, 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಎಂದು ತಡೆಯುತ್ತದೆ. ಅಲ್ಲಿ ಪಿಪ್ ಬದಲು ಪಿಪ್‌ಎಕ್ಸ್ ಬಳಸಿ.

ಮೊದಲ ಚಿತ್ರ

ಶಾಟ್-ಸ್ಕ್ರೇಪರ್ "ಪುಟದ ವಿಳಾಸ" -ಒ ಕಾಫಿ.ಪಿಎನ್‌ಜಿ

-ಒ ನಂತರದ್ದು ಚಿತ್ರದ ಫೈಲಿನ ಹೆಸರು. ವಿಳಾಸಕ್ಕೆ ಜೋಡಿ ಉದ್ಧರಣ ಚಿಹ್ನೆ ಹಾಕುವುದನ್ನು ಮರೆಯಬೇಡಿ. ಜಿಲ್ಲೆ, ದಿನಾಂಕ ಆರಿಸುವ ಪುಟಗಳ ವಿಳಾಸದೊಳಗೆ '&' ಚಿಹ್ನೆ ಇರುತ್ತದೆ. ಉದ್ಧರಣ ಇಲ್ಲದಿದ್ದರೆ ಕಮಾಂಡ್ ಪ್ರಾಂಪ್ಟ್ ಆ ಚಿಹ್ನೆಯ ಹತ್ತಿರ ಸಾಲನ್ನು ಕತ್ತರಿಸಿ ಎರಡು ಕಮಾಂಡ್ ಎಂದು ತಿಳಿಯುತ್ತದೆ. ಪುಟವೇನೋ ತೆರೆಯುತ್ತದೆ, ಆದರೆ ಆರಿಸಿದ ಜಿಲ್ಲೆ ಬಿಟ್ಟುಹೋಗಿರುತ್ತದೆ. ಹಾಸನ ಕೇಳಿದರೆ ಪಟ್ಟಿಯ ಮೊದಲ ಜಿಲ್ಲೆ ಬಂದಿದೆ ಎಂದರೆ ಕಾರಣ ಸಾಮಾನ್ಯವಾಗಿ ಇದೇ.

ಏನೂ ಹೇಳದಿದ್ದರೆ ಅಗಲ 1280 ಪಿಕ್ಸೆಲ್, ಎತ್ತರ ಪುಟ ಎಷ್ಟಿದೆಯೋ ಅಷ್ಟು. ಅಗಲ ಬದಲಿಸಲು --ವಿಡ್ತ್, ಎತ್ತರ ಮಿತಿಗೊಳಿಸಲು --ಹೈಟ್. ಅಗಲವನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಬದಲಿಸಬೇಡಿ. ಈಗಿನ ಪುಟಗಳು ಅಗಲ ನೋಡಿ ರೂಪ ಬದಲಿಸುತ್ತವೆ, 390 ಪಿಕ್ಸೆಲ್‌ನಲ್ಲಿ ಮೊಬೈಲ್ ರೂಪ, 1280ರಲ್ಲಿ ಕಂಪ್ಯೂಟರ್ ರೂಪ. ಜೂನ್‌ನ ಚಿತ್ರ ಒಂದು ರೂಪದಲ್ಲಿ, ಜುಲೈನದು ಇನ್ನೊಂದರಲ್ಲಿ ಇದ್ದರೆ ಪಕ್ಕಪಕ್ಕ ಇಟ್ಟು ನೋಡಲಾಗುವುದಿಲ್ಲ. ಮೊಬೈಲ್ ರೂಪದಲ್ಲಿ ಕೆಲವು ಕಾಲಂಗಳೇ ಮಾಯವಾಗುವುದೂ ಉಂಟು. ಪುಟ ವಿಪರೀತ ಉದ್ದವಿದ್ದರೆ, ಅಂದರೆ ಸುಮಾರು 16 ಸಾವಿರ ಪಿಕ್ಸೆಲ್ ದಾಟಿದರೆ, ಕೆಳಭಾಗ ಖಾಲಿ ಬರಬಹುದು ಇಲ್ಲವೇ ಮೇಲಿನದೇ ಮತ್ತೆ ಅಚ್ಚಾಗಬಹುದು. ಅದು ಕ್ರೋಮಿಯಂನ ಮಿತಿ.

ಇಡೀ ಪುಟ ಬೇಡ, ದರದ ಕೋಷ್ಟಕ ಮಾತ್ರ ಸಾಕು ಎಂದರೆ --ಸೆಲೆಕ್ಟರ್, ಅಂದರೆ ಪುಟದ ಯಾವ ಭಾಗ ಬೇಕೆಂಬ ಗುರುತು, ಕೊಡಬೇಕು. ಕ್ರೋಮ್‌ನಲ್ಲಿ ಕೋಷ್ಟಕದ ಮೇಲೆ ರೈಟ್ ಕ್ಲಿಕ್, 'ಇನ್‌ಸ್ಪೆಕ್ಟ್', ಬಣ್ಣ ಬಂದ ಸಾಲಿನ ಮೇಲೆ ಮತ್ತೆ ರೈಟ್ ಕ್ಲಿಕ್, 'ಕಾಪಿ', 'ಕಾಪಿ ಸೆಲೆಕ್ಟರ್'. ಸಿಕ್ಕಿದ ಗುರುತು '#' ಚಿಹ್ನೆಯಿಂದ ಶುರುವಾಗುವ ಚಿಕ್ಕ ಹೆಸರಾದರೆ ನಿಶ್ಚಿಂತೆ. 'ಎನ್‌ತ್-ಚೈಲ್ಡ್' ಎಂದು ನಾಲ್ಕಾರು ಸಲ ಬರುವ ಉದ್ದನೆಯ ಸರಪಳಿಯಾದರೆ ಅದು 'ಮೂರನೇ ಪೆಟ್ಟಿಗೆಯ ಎರಡನೇ ಪೆಟ್ಟಿಗೆ' ಎಂಬಂಥ ಗುರುತು. ಪುಟದ ಮೇಲ್ಗಡೆ ಒಂದು ಹಬ್ಬದ ಶುಭಾಶಯದ ಬ್ಯಾನರ್ ಸೇರಿಸಿದರೂ ಎಣಿಕೆ ತಪ್ಪಿ ಬೇರೆ ಕೋಷ್ಟಕ ಸಿಗುತ್ತದೆ. ಅಂಥ ಕಡೆ ಸೆಲೆಕ್ಟರ್ ಬಿಟ್ಟು ಇಡೀ ಪುಟವನ್ನೇ ತೆಗೆದಿಡುವುದು ಮೇಲು.

ಸರ್ಕಾರಿ ಪುಟಗಳಲ್ಲಿ ಇನ್ನೊಂದು ತೊಡಕು: ಕೋಷ್ಟಕ ಕಣ್ಣಿಗೆ ಕಾಣುತ್ತದೆ, ಸೆಲೆಕ್ಟರ್ ಸರಿಯಿದೆ, ಆದರೂ 'ಸಿಗಲಿಲ್ಲ' ಎನ್ನುತ್ತದೆ. ಕೋಷ್ಟಕ ಐಫ್ರೇಮ್ ಒಳಗಿರುತ್ತದೆ, ಅಂದರೆ ಪುಟದೊಳಗೆ ಇನ್ನೊಂದು ಪುಟ. ಇನ್‌ಸ್ಪೆಕ್ಟ್ ಮಾಡಿದಾಗ 'ಐಫ್ರೇಮ್' ಎಂಬ ಸಾಲು ಹುಡುಕಿ, ಅದರ 'ಎಸ್‌ಆರ್‌ಸಿ' ಎದುರಿನ ವಿಳಾಸವನ್ನೇ ನೇರವಾಗಿ ಕಮಾಂಡ್‌ಗೆ ಕೊಡಿ. ಸುತ್ತಲಿನ ಮೆನು, ಲಾಂಛನ ಎಲ್ಲ ಬಿಟ್ಟು ಬರೀ ಕೋಷ್ಟಕ ಬರುತ್ತದೆ.

ಕಾಯುವುದು

ಎಲ್ಲ ಎಡವಟ್ಟುಗಳ ತವರು ಇಲ್ಲಿದೆ. ದರದ ಪುಟವೊಂದು ನಿಧಾನ ಸಂಪರ್ಕದಲ್ಲಿ ತೆರೆಯುವುದನ್ನು ಗಮನಿಸಿ ನೋಡಿ. ಮೊದಲು ಶೀರ್ಷಿಕೆ ಮತ್ತು ಮೆನು. ಆಮೇಲೆ ಕೋಷ್ಟಕದ ತಲೆಸಾಲು. ಅದರ ಕೆಳಗೆ ಖಾಲಿ. ಚಕ್ರ ತಿರುಗುತ್ತದೆ. ಒಂದೆರಡು ಸೆಕೆಂಡು ಬಿಟ್ಟು ಅಂಕಿಗಳು ದಡಕ್ಕನೆ ಬಂದು ಕೂರುತ್ತವೆ. ಬ್ರೌಸರಿನ ಲೆಕ್ಕದಲ್ಲಿ ಚಕ್ರ ತಿರುಗುವ ಮೊದಲೇ 'ಪುಟ ಲೋಡ್ ಆಯಿತು'. ಅಂಕಿಗಳನ್ನು ಆಮೇಲೆ ಜಾವಾಸ್ಕ್ರಿಪ್ಟ್ ಬೇರೆ ಕಡೆಯಿಂದ ತರುತ್ತದೆ. ಸಾಧನ ಲೋಡ್ ಆದ ಕೂಡಲೇ ಚಿತ್ರ ತೆಗೆದರೆ ಸಿಗುವುದು ತಲೆಸಾಲು ಮಾತ್ರ.

ಎಲ್ಲರೂ ಮೊದಲು ಮಾಡುವ ಉಪಾಯ --ವೇಟ್ 5000. ಲೆಕ್ಕ ಮಿಲಿಸೆಕೆಂಡಿನಲ್ಲಿ, ಹಾಗಾಗಿ 5000 ಅಂದರೆ ಐದು ಸೆಕೆಂಡು (5 ಎಂದು ಬರೆದು ಕಾಯಲೇ ಇಲ್ಲ ಎಂದು ದೂರುವವರು ಬಹಳ). ಹಾಸನ ಪೇಟೆಯ ಫೈಬರ್ ಸಂಪರ್ಕದಲ್ಲಿ ಐದು ಸೆಕೆಂಡು ಧಾರಾಳ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಸಿಗ್ನಲ್‌ಗೆ ಹದಿನೈದೂ ಸಾಲದು. ಊಹೆಯ ಮೇಲೆ ನಿಂತ ಕಾಯುವಿಕೆ ಒಂದಲ್ಲ ಒಂದು ದಿನ ಕೈಕೊಡುತ್ತದೆ.

ಸರಿಯಾದ ಉಪಾಯ --ವೇಟ್-ಫಾರ್. ಇಷ್ಟು ಹೊತ್ತು ಕಾಯಿ ಎನ್ನುವ ಬದಲು 'ಇಂಥದ್ದು ಕಾಣುವವರೆಗೆ ಕಾಯಿ' ಎಂದು ಹೇಳುವುದು. ದರದ ಕೋಷ್ಟಕದಲ್ಲಿ ತಲೆಸಾಲು ಒಂದು, ಅರೇಬಿಕಾದ ಎರಡು ಸಾಲು, ರೋಬಸ್ಟಾದ ಎರಡು ಸಾಲು, ಒಟ್ಟು ಐದು ಇರಬೇಕು ಎಂದಿಟ್ಟುಕೊಳ್ಳಿ:

--ವೇಟ್-ಫಾರ್ "ಡಾಕ್ಯುಮೆಂಟ್.ಕ್ವೆರಿಸೆಲೆಕ್ಟರ್ಆಲ್('ಟೇಬಲ್ ಟಿಆರ್').ಲೆಂಗ್ತ್ > 4"

'ಕ್ವೆರಿಸೆಲೆಕ್ಟರ್ಆಲ್' ಒಂದೇ ಪದ, ಅದರಲ್ಲಿ ಎಸ್ ಮತ್ತು ಎ ಮಾತ್ರ ದೊಡ್ಡಕ್ಷರ. ಹೊರಗೆ ಜೋಡಿ ಉದ್ಧರಣ, ಒಳಗೆ ಒಂಟಿ ಉದ್ಧರಣ. ಅದಲುಬದಲು ಮಾಡಿದರೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ಗೆ ಅರ್ಥವಾಗುವುದಿಲ್ಲ. ನಾಲ್ಕು ಸಾಲು ದಾಟುವವರೆಗೆ ಚಿತ್ರ ತೆಗೆಯದು. ಮೂವತ್ತು ಸೆಕೆಂಡು ನೋಡಿ ಸಿಗದಿದ್ದರೆ ದೋಷ ಹೇಳಿ ನಿಲ್ಲುತ್ತದೆ, ಫೈಲೇ ಹುಟ್ಟುವುದಿಲ್ಲ. ನಮಗೆ ಬೇಕಿದ್ದುದೂ ಅದೇ. ನಿಧಾನ ಸಂಪರ್ಕದವರು --ಟೈಮ್‌ಔಟ್ 90000 ಕೊಟ್ಟು ಒಂದೂವರೆ ನಿಮಿಷಕ್ಕೆ ಏರಿಸಿಕೊಳ್ಳಬಹುದು.

ಸಾಲುಗಳ ಎಣಿಕೆ ಸರಿಯಿದ್ದರೂ ದರ ನಿನ್ನೆಯದೇ ಇರಬಹುದಲ್ಲ? ಆದ್ದರಿಂದ ಇವತ್ತಿನ ದಿನಾಂಕ ಕಾಣುವವರೆಗೆ ಕಾಯಿಸುವುದು ಇನ್ನೂ ಬಿಗಿ. ಆದರೆ ದಿನಾಂಕವನ್ನು ಎಲ್ಲಿ ಹುಡುಕುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಎಷ್ಟೋ ಪುಟಗಳ ತಲೆಯಲ್ಲಿ ಒಂದು ಗಡಿಯಾರ ಇರುತ್ತದೆ. ಅದು ನಿಮ್ಮ ಕಂಪ್ಯೂಟರಿನ ದಿನಾಂಕವನ್ನೇ ತೋರಿಸುತ್ತದೆ. ಇಡೀ ಪುಟದಲ್ಲಿ ದಿನಾಂಕ ಹುಡುಕಿದರೆ ಗಡಿಯಾರದಲ್ಲಿ ಸಿಕ್ಕಿಬಿಡುತ್ತದೆ, ಕೋಷ್ಟಕದಲ್ಲಿ ಮಾತ್ರ ಶನಿವಾರದ ದರ ಕೂತಿರುತ್ತದೆ. ಹಾಗಾಗಿ ಹುಡುಕಾಟ ಕೋಷ್ಟಕದ ಒಳಗೆ, ಇಲ್ಲವೇ ಕೋಷ್ಟಕದ ನೆತ್ತಿಯ ಸಾಲಿನಲ್ಲಿ ಮಾತ್ರ ನಡೆಯಲಿ. ದಿನಾಂಕದ ರೂಪವನ್ನೂ ಪುಟ ನೋಡಿಯೇ ಬರೆಯಿರಿ: 05-07-2025 ಬೇರೆ, 5/7/2025 ಬೇರೆ. ರಜಾದಿನ ಹೊಸ ದರ ಬರುವುದಿಲ್ಲ, ಚಿತ್ರವೂ ಬರುವುದಿಲ್ಲ, ಫೋಲ್ಡರ್ ಖಾಲಿ ಉಳಿಯುತ್ತದೆ. ಅದನ್ನು ದೋಷ ಎಂದು ತಿದ್ದಲು ಹೋಗಬೇಡಿ.

ಇದೇ ಉಪಾಯವನ್ನು ಅಂಕಿಯ ಮೇಲೂ ಹೂಡಬಹುದು. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ, ಸಾಮರ್ಥ್ಯ 37.103 ಟಿಎಂಸಿ. ಇವತ್ತಿನ ಮಟ್ಟ ಇರುವ ಚೌಕದ ಅಂಕಿ 2700 ಮತ್ತು 2922ರ ನಡುವೆ ಬಂದಾಗ ಮಾತ್ರ ಚಿತ್ರ ತೆಗೆ ಎಂದರೆ, ಖಾಲಿ ಚೌಕ, ಸೊನ್ನೆ, ಟಿಎಂಸಿಯ ಕಾಲಂ ಎಲ್ಲವೂ ಹೊರಗೆ ನಿಲ್ಲುತ್ತವೆ. 890ರ ಆಸುಪಾಸಿನ ಅಂಕಿ ಕಂಡರೆ ಆ ಪುಟ ಮೀಟರಿನಲ್ಲಿ ಕೊಡುತ್ತಿದೆ ಎಂದು ತಿಳಿಯಿರಿ. ಜಲಾಶಯದ ಕೋಷ್ಟಕಗಳಲ್ಲಿ 'ಕಳೆದ ವರ್ಷ ಇದೇ ದಿನ' ಎಂಬ ಕಾಲಂ ಪಕ್ಕದಲ್ಲೇ ಇರುವುದು ಸಾಮಾನ್ಯ. ಅದನ್ನು ಈ ಪರೀಕ್ಷೆ ಹಿಡಿಯಲಾರದು, ಎರಡೂ ಒಂದೇ ವ್ಯಾಪ್ತಿಯವು. ಕಾಲಂ ಯಾವುದೆಂದು ಕಣ್ಣಾರೆ ನೋಡಿ ಬರೆಯುವುದೇ ದಾರಿ. ಪಠ್ಯವನ್ನು ಅಂಕಿಯಾಗಿ ಓದುವ, ಜಾವಾಸ್ಕ್ರಿಪ್ಟ್‌ನ 'ಪಾರ್ಸ್‌ಫ್ಲೋಟ್' (ಒಂದೇ ಪದ, ಎಫ್ ಮಾತ್ರ ದೊಡ್ಡಕ್ಷರ) ಅಲ್ಪವಿರಾಮ ಕಂಡ ಕೂಡಲೇ ಓದುವುದನ್ನು ನಿಲ್ಲಿಸುತ್ತದೆ. '2,915.40' ಅದಕ್ಕೆ ಬರೀ 2. ಅಲ್ಪವಿರಾಮ ತೆಗೆದು ಆಮೇಲೆ ಓದಿಸಿ.

ಅಡ್ಡ ಬರುವ ಪೆಟ್ಟಿಗೆಗಳು

ಕುಕೀ ಒಪ್ಪಿಗೆ ಕೇಳುವ ಪಟ್ಟಿ, 'ನೋಟಿಫಿಕೇಶನ್ ಬೇಕೇ' ಎಂಬ ಪೆಟ್ಟಿಗೆ, ಕೆಳಗೆ ಅಂಟಿಕೊಂಡ ಚಾಟ್ ಗುಂಡಿ, ಇವು ಕೋಷ್ಟಕದ ಮೇಲೇ ಕೂರುತ್ತವೆ. --ಜಾವಾಸ್ಕ್ರಿಪ್ಟ್ ಎಂಬ ಆಯ್ಕೆಯಲ್ಲಿ ಅವನ್ನು ಅಳಿಸುವ ಸಾಲು ಕೊಡಬಹುದು. ಆದರೆ ಪೆಟ್ಟಿಗೆ ತಡವಾಗಿ ಬಂದರೆ ಅಳಿಸಲು ಹೋದಾಗ ಅದು ಇನ್ನೂ ಇರುವುದೇ ಇಲ್ಲ. ಅಳಿಸುವ ಬದಲು ಆ ಪೆಟ್ಟಿಗೆಯ ಹೆಸರಿಗೆ 'ಡಿಸ್‌ಪ್ಲೇ: ನನ್' (ತೋರಿಸಬೇಡ) ಎನ್ನುವ ಸ್ಟೈಲ್ ಟ್ಯಾಗ್ ಒಂದನ್ನು, ಅಂದರೆ ಪುಟದ ರೂಪ ಹೇಳುವ ಸಾಲನ್ನು, ಪುಟಕ್ಕೆ ಸೇರಿಸಿ. ಆಮೇಲೆ ಯಾವಾಗ ಬಂದರೂ ಕಾಣಿಸುವುದಿಲ್ಲ.

ಹೋಂಸ್ಟೇ, ಪ್ರವಾಸದ ಪುಟಗಳಲ್ಲಿ ಬೇರೆ ಸಮಸ್ಯೆ. ಬೇಲೂರು, ಹಳೇಬೀಡಿನ ಫೋಟೊಗಳಿರುವ ಪುಟದ ಚಿತ್ರ ತೆಗೆದರೆ ಮೇಲಿನ ಎರಡು ಫೋಟೊ ಬಂದು, ಕೆಳಗೆಲ್ಲ ಬೂದು ಚೌಕ. ಕಣ್ಣಿಗೆ ಬೀಳುವವರೆಗೆ ಫೋಟೊ ತರುವುದು ಬೇಡ ಎಂದು ಪುಟ ಮಾಡಿದವರು ಬರೆದಿರುತ್ತಾರೆ. ಜಾವಾಸ್ಕ್ರಿಪ್ಟ್‌ನಲ್ಲಿ ಪುಟವನ್ನು ಹಂತಹಂತವಾಗಿ ಕೆಳಗಿನವರೆಗೆ ಜಾರಿಸಿ, ಮತ್ತೆ ಮೇಲಕ್ಕೆ ತಂದು ಆಮೇಲೆ ಚಿತ್ರ ತೆಗೆಸಬೇಕು. ಒಂದೇ ಜಿಗಿತಕ್ಕೆ ಕೆಳಗೆ ಹೋದರೆ ನಡುವಿನವು ಹಾಗೇ ಉಳಿಯುತ್ತವೆ.

ಕನ್ನಡ ಅಕ್ಷರದ ಪಾಡು

ವಿಂಡೋಸ್‌ನಲ್ಲಿ ಕನ್ನಡಕ್ಕೆ ನಿರ್ಮಲಾ, ತುಂಗಾ ಫಾಂಟ್‌ಗಳಿರುವುದರಿಂದ ತೊಂದರೆಯಿಲ್ಲ. ಬಾಡಿಗೆಯ ಲಿನಕ್ಸ್ ಸರ್ವರ್‌ನಲ್ಲಿ ನಡೆಸಿದರೆ ಇಂಗ್ಲಿಷ್ ಎಲ್ಲ ಸರಿಯಾಗಿ ಬಂದು, ಕನ್ನಡ ಇರಬೇಕಾದ ಕಡೆ ಸಾಲಾಗಿ ಖಾಲಿ ಚೌಕಗಳು ಬರುತ್ತವೆ. ಸರ್ವರ್‌ನಲ್ಲಿ ಕನ್ನಡ ಫಾಂಟೇ ಇರುವುದಿಲ್ಲ, ಅಷ್ಟೆ. ಉಬುಂಟು ಅಥವಾ ಡೆಬಿಯನ್ ಆದರೆ 'ಫಾಂಟ್ಸ್-ನೋಟೋ-ಕೋರ್' ಪ್ಯಾಕೇಜ್ ಹಾಕಿದರೆ ನೋಟೋ ಸಾನ್ಸ್ ಕನ್ನಡ ಬರುತ್ತದೆ. 'ಫಾಂಟ್ಸ್-ಕೆಎನ್‌ಡಿಎ' ಹಾಕಿದರೆ ಗುಬ್ಬಿ ಮತ್ತು ನವಿಲು. ಒಂದು ಸಾಕು.

ಚೌಕದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬಂದರೆ ಕಾರಣ ಬೇರೆ. ಆ ಪುಟ ಎಲ್ಲ ಭಾಷೆಗೂ ಒಂದೇ ಸಂಕೇತವಾದ ಯೂನಿಕೋಡ್‌ಗೆ ಬಾರದೆ ಹಳೆಯ ನುಡಿ ಅಥವಾ ಬರಹ ಫಾಂಟಿನ ಸಂಕೇತದಲ್ಲೇ ಉಳಿದಿದೆ. ಅದೇ ಫಾಂಟನ್ನು ಆ ಕಂಪ್ಯೂಟರಿನಲ್ಲಿ ಹಾಕಿದರಷ್ಟೇ ಅಕ್ಷರ ಮೂಡುತ್ತದೆ. ಇನ್ನು ಒತ್ತಕ್ಷರ: 'ಸ್ತ್ರೀ', 'ರಾಷ್ಟ್ರ' ಎಂಬಂಥ ಪದಗಳ ಅಡಿಯ ಒತ್ತು 1280 ಅಗಲದ ಮಾಮೂಲಿ ಚಿತ್ರದಲ್ಲಿ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. --ರೆಟಿನಾ ಎಂದು ಸೇರಿಸಿ. ಪಿಕ್ಸೆಲ್ ಎರಡರಷ್ಟಾಗಿ ಒತ್ತು ಸ್ಪಷ್ಟವಾಗುತ್ತದೆ, ಫೈಲೂ ದೊಡ್ಡದಾಗುತ್ತದೆ.

ಹಲವು ಪುಟ ಒಟ್ಟಿಗೆ

ಪುಟಕ್ಕೊಂದು ಕಮಾಂಡ್ ಬರೆಯುವ ಬದಲು ಎಲ್ಲವನ್ನೂ ಒಂದು ಯಾಮಲ್ ಫೈಲಿನಲ್ಲಿ (ಸಾಲುಸಾಲಾಗಿ ಹೆಸರು, ಮೌಲ್ಯ ಬರೆಯುವ ಪಠ್ಯ ಫೈಲು) ಪಟ್ಟಿಮಾಡಿ 'ಶಾಟ್-ಸ್ಕ್ರೇಪರ್ ಮಲ್ಟಿ' ಎಂದು ಕೊಟ್ಟು ಪಕ್ಕದಲ್ಲಿ ಫೈಲಿನ ಹೆಸರು ಬರೆದರಾಯಿತು. ಪಟ್ಟಿಯ ಒಂದು ನಮೂನೆ:

- ಯುಆರ್‌ಎಲ್: "ಪುಟದ ವಿಳಾಸ"
  ಔಟ್‌ಪುಟ್: ಕಾಫಿ.ಪಿಎನ್‌ಜಿ
  ವಿಡ್ತ್: 1280
  ವೇಟ್_ಫಾರ್: "ಕಾಯುವ ಷರತ್ತು"

ಎರಡು ಕಡೆ ಎಡವುತ್ತಾರೆ. ಸಾಲಿನ ಮೊದಲ ಜಾಗ ಸ್ಪೇಸ್ ಒತ್ತಿಯೇ ಬಿಡಬೇಕು, ಟ್ಯಾಬ್ ಒತ್ತಿದರೆ ಇಡೀ ಫೈಲ್ ಕೆಡುತ್ತದೆ. ಕಮಾಂಡ್‌ನಲ್ಲಿ ವೇಟ್ ಮತ್ತು ಫಾರ್ ನಡುವೆ ಅಡ್ಡಗೆರೆ, ಈ ಫೈಲಿನಲ್ಲಿ ಮಾತ್ರ ಅಡಿಗೆರೆ. ಜೊತೆಗೆ --ಫೇಲ್ ಎಂದು ಸೇರಿಸುವುದನ್ನು ರೂಢಿಮಾಡಿಕೊಳ್ಳಿ. ಇಲ್ಲದಿದ್ದರೆ '404, ಪುಟ ಸಿಗಲಿಲ್ಲ' ಎಂಬ ಪುಟವನ್ನೂ ಅಚ್ಚುಕಟ್ಟಾಗಿ ಚಿತ್ರ ತೆಗೆದು ಕಾಫಿ.ಪಿಎನ್‌ಜಿ ಎಂದು ಹೆಸರಿಟ್ಟು ಕೊಡುತ್ತದೆ.

ಹೊತ್ತು ಗೊತ್ತುಮಾಡುವುದು

ಎಷ್ಟು ಗಂಟೆಗೆ ತೆಗೆಯಬೇಕು ಎಂಬುದನ್ನು ಅಂಕಿಯ ಮೂಲ ನಿರ್ಧರಿಸುತ್ತದೆ, ನಿಮ್ಮ ಅನುಕೂಲ ಅಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನದ ಮಳೆ ಅಂದರೆ ಬೆಳಿಗ್ಗೆ 8:30ರಿಂದ ಮಾರನೆಯ ಬೆಳಿಗ್ಗೆ 8:30ರವರೆಗೆ. ಆರು ಗಂಟೆಗೆ ತೆಗೆದ ಮಳೆಯ ಪುಟದಲ್ಲಿ ಮೊನ್ನೆಯ ಲೆಕ್ಕವೇ ಇರುತ್ತದೆ, ಹತ್ತು ಗಂಟೆ ಸೂಕ್ತ. ಕಾಫಿಯ ಅಂತರರಾಷ್ಟ್ರೀಯ ದರ ಬೇಕಿದ್ದರೆ, ಲಂಡನ್‌ನ ರೋಬಸ್ಟಾ ಮತ್ತು ನ್ಯೂಯಾರ್ಕ್‌ನ ಅರೇಬಿಕಾ ಎರಡೂ ನಮ್ಮ ರಾತ್ರಿಯಲ್ಲಿ ಮುಗಿಯುವುದರಿಂದ ಮುಂಜಾನೆ ಐದಾರರ ನಡುವೆ ತೆಗೆಯುವುದು ಕ್ಷೇಮ. ರಾತ್ರಿಯೇ ತೆಗೆಯುತ್ತೇನೆ ಎನ್ನುವವರಿಗೆ ಒಂದು ಎಚ್ಚರಿಕೆ: ಲಂಡನ್ ಗಡಿಯಾರ ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೂ ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೂ ಹೋಗುತ್ತದೆ, ನಮ್ಮದು ಹೋಗುವುದಿಲ್ಲ.

ವಿಂಡೋಸ್‌ನ 'ಟಾಸ್ಕ್ ಶೆಡ್ಯೂಲರ್'ನಲ್ಲಿ ದಿನಕ್ಕೊಂದು ಸಲ ಓಡುವ ಕೆಲಸ ಸೇರಿಸುವುದು ಸುಲಭ, ಗುಂಡಿಗಳೇ ದಾರಿ ತೋರಿಸುತ್ತವೆ. ಓಡದೆ ಕಾಡುವುದಕ್ಕೆ ಕಾರಣ ನಾಲ್ಕು ಚಿಕ್ಕ ಜಾಗಗಳು. 'ಸ್ಟಾರ್ಟ್ ಇನ್' ಎಂಬ ಪೆಟ್ಟಿಗೆ ಖಾಲಿ ಬಿಟ್ಟರೆ ಕೆಲಸ ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿನಲ್ಲಿ ಶುರುವಾಗಿ, ಚಿತ್ರ ಉಳಿಸಲು ಅನುಮತಿ ಇಲ್ಲದೆ ಸೋಲುತ್ತದೆ. ನಿಮ್ಮ ಫೋಲ್ಡರಿನ ಪೂರ್ಣ ದಾರಿ ಬರೆಯಿರಿ. 'ಕಂಡಿಷನ್ಸ್' ಪುಟದಲ್ಲಿ 'ಎಸಿ ಪವರ್ ಇದ್ದರೆ ಮಾತ್ರ ಶುರುಮಾಡು' ಎಂಬುದಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ. ಜುಲೈ ಮಳೆಗೆ ಮರ ಬಿದ್ದು ಕರೆಂಟ್ ಹೋಗಿರುವ ಬೆಳಿಗ್ಗೆ, ಬ್ಯಾಟರಿ ಪೂರ್ತಿ ಇರುವ ಲ್ಯಾಪ್‌ಟಾಪ್ ಕೂಡ ಸುಮ್ಮನೆ ಕೂರುವುದು ಈ ಟಿಕ್‌ನಿಂದ. ಮಲೆನಾಡಿನಲ್ಲಿ ಅದನ್ನು ಮೊದಲು ತೆಗೆಯಬೇಕು. 'ಸೆಟ್ಟಿಂಗ್ಸ್' ಪುಟದಲ್ಲಿ 'ಹೊತ್ತು ತಪ್ಪಿದರೆ ಆದಷ್ಟು ಬೇಗ ಓಡಿಸು' ಎಂಬರ್ಥದ ಸಾಲಿಗೆ ಟಿಕ್ ಹಾಕಿದರೆ, ಕಂಪ್ಯೂಟರ್ ಆರಿಹೋಗಿದ್ದ ದಿನ ಮತ್ತೆ ಹಚ್ಚಿದಾಗ ಕೆಲಸ ನಡೆಯುತ್ತದೆ. ಇನ್ನು ಮಲಗಿರುವ ಲ್ಯಾಪ್‌ಟಾಪನ್ನು ಎಬ್ಬಿಸುವ 'ವೇಕ್ ದಿ ಕಂಪ್ಯೂಟರ್', ಅದಕ್ಕೂ ಟಿಕ್.

ದಿನಾಂಕದ ಫೋಲ್ಡರ್ ಮಾಡಲು ಬ್ಯಾಚ್ ಫೈಲಿನ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲು) 'ಡೇಟ್' ನಂಬಬೇಡಿ. ಅದರ ರೂಪ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬೇರೆ, ನಡುವೆ ಓರೆಗೆರೆ ಬಂದರೆ ಫೋಲ್ಡರ್ ಹೆಸರೇ ಆಗದು. ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನ 'ಗೆಟ್-ಡೇಟ್' ಬಳಸಿ, ವರ್ಷ ಮೊದಲು, ತಿಂಗಳು, ಕೊನೆಗೆ ದಿನ ಬರುವಂತೆ ರೂಪ ಕೊಡಿ. ಹಾಗಿದ್ದರೆ ಹೆಸರಿನ ಅನುಕ್ರಮವೇ ದಿನಗಳ ಅನುಕ್ರಮ. ತಿಂಗಳಿಗೆ ದೊಡ್ಡಕ್ಷರದ ಎಂಎಂ. ಸಣ್ಣಕ್ಷರ ಹಾಕಿದರೆ ನಿಮಿಷ ಬಂದು ಕೂರುತ್ತದೆ, 2025ರ 47ನೇ ತಿಂಗಳು ಎಂಬ ಫೋಲ್ಡರ್ ಹುಟ್ಟುತ್ತದೆ.

ಲಿನಕ್ಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನ ಪಟ್ಟಿ, ಅಂದರೆ ಕ್ರಾನ್‌ಟ್ಯಾಬ್‌ನಲ್ಲಿ, ದಿನಾಂಕದ ರೂಪ ಬರೆಯುವಾಗ ಬರುವ '%' ಚಿಹ್ನೆಗೆ ಮೊದಲು ಹಿಂಬಾಗಿದ ಗೆರೆ (\) ಹಾಕದಿದ್ದರೆ ಸಾಲು ಅಲ್ಲಿಗೇ ತುಂಡಾಗುತ್ತದೆ. ಕೈಯಲ್ಲಿ ಓಡಿಸಿದಾಗ ಸರಿಯಿದ್ದು ಕ್ರಾನ್‌ನಲ್ಲಿ ಓಡದಿದ್ದರೆ ಮೊದಲು ನೋಡಬೇಕಾದ್ದು ಇದು, ಎರಡನೆಯದು ಶಾಟ್-ಸ್ಕ್ರೇಪರ್‌ನ ಪೂರ್ಣ ದಾರಿ ಬರೆದಿದೆಯೇ ಎಂಬುದು. ಗಿಟ್‌ಹಬ್ ಆಕ್ಷನ್ಸ್‌ನಂಥ ಕ್ಲೌಡ್ ಸೇವೆಯಲ್ಲಿ (ಬೇರೆಯವರ ಸರ್ವರ್‌ನಲ್ಲಿ ನಮ್ಮ ಕೆಲಸ ಓಡಿಸುವುದು) ಹೊತ್ತು ಯುಟಿಸಿ ಎಂಬ ಜಾಗತಿಕ ಸಮಯದ ಲೆಕ್ಕದ್ದು, ನಮ್ಮ ಬೆಳಿಗ್ಗೆ 6 ಗಂಟೆ ಅಲ್ಲಿ ನಡುರಾತ್ರಿ 12:30. ಅಲ್ಲಿಂದ ಓಡಿಸಿದಾಗ ಕೆಲವು ಸರ್ಕಾರಿ ತಾಣಗಳು ತೆರೆಯುವುದೇ ಇಲ್ಲ, ಹೊರದೇಶದ ಸಂಪರ್ಕಕ್ಕೆ ಬಾಗಿಲು ಹಾಕಿರುತ್ತವೆ. ಅಂಥವಕ್ಕೆ ಅಂಗಡಿಯ ಲ್ಯಾಪ್‌ಟಾಪೇ ಗತಿ.

ದಿನಕ್ಕೊಂದು ಸಲ ಬದಲಾಗುವ ಪುಟವನ್ನು ಐದು ನಿಮಿಷಕ್ಕೊಮ್ಮೆ ಬಡಿಯುವುದು ಬೇಡ. ಆ ಕಡೆಯ ಸರ್ವರ್ ಮೇಲೆ ಭಾರ, ನಿಮ್ಮ ಸಂಪರ್ಕಕ್ಕೇ ತಡೆ ಬೀಳಬಹುದು. ಲಾಗಿನ್ ಬೇಕಾದ ಪುಟಗಳಿಗೆ 'ಶಾಟ್-ಸ್ಕ್ರೇಪರ್ ಆಥ್' ಎಂಬ ಕಮಾಂಡ್ ಇದೆ. ಬ್ರೌಸರ್ ತೆರೆದು, ನೀವೇ ಲಾಗಿನ್ ಆದಮೇಲೆ ಆ ಗುರುತನ್ನು ಒಂದು ಫೈಲಿನಲ್ಲಿ ಉಳಿಸುತ್ತದೆ. ಆ ಫೈಲ್ ಮನೆಯ ಬೀಗದ ಕೈ ಇದ್ದಂತೆ, ಯಾರಿಗೂ ಕಳಿಸಬೇಡಿ. ಬ್ಯಾಂಕಿನ ಪುಟಕ್ಕೆ ಇದನ್ನು ಬಳಸಲೇಬೇಡಿ. ಕ್ಯಾಪ್ಚಾ, ಒಟಿಪಿ ಕೇಳುವ ಕಡೆ ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು.

ಬಂದ ಚಿತ್ರ ಸರಿಯಿದೆಯೇ

ವಾರಕ್ಕೊಮ್ಮೆ ಫೋಲ್ಡರ್ ತೆರೆದು ಫೈಲುಗಳನ್ನು ಗಾತ್ರದ ಮೇಲೆ ಜೋಡಿಸಿ ನೋಡಿ. ಖಾಲಿ ಪುಟದ ಪಿಎನ್‌ಜಿ ಕೆಲವೇ ಕೆಬಿ ಇರುತ್ತದೆ, ಏಕೆಂದರೆ ಬರೀ ಬಿಳಿಯನ್ನು ಪಿಎನ್‌ಜಿ ಚೆನ್ನಾಗಿ ಮಡಚುತ್ತದೆ. ಮಿಕ್ಕವು 400 ಕೆಬಿ ಇರುವಾಗ ಒಂದು 12 ಕೆಬಿ ಇದ್ದರೆ ಅದನ್ನು ತೆರೆಯದೆಯೇ ಹೇಳಬಹುದು. ಎರಡು ದಿನದ ಫೈಲು ಒಂದು ಬೈಟೂ ವ್ಯತ್ಯಾಸವಿಲ್ಲದೆ ಒಂದೇ ಗಾತ್ರದ್ದಾಗಿದ್ದರೆ ಪುಟ ಹೊಸದಾಗಿಲ್ಲ ಎಂದು ಅನುಮಾನಿಸಿ. ಜಾಗದ ಲೆಕ್ಕವೂ ಇಲ್ಲೇ ಆಗುತ್ತದೆ: ದಿನಕ್ಕೆ ಐದು ಚಿತ್ರ, ಒಂದಕ್ಕೆ 400 ಕೆಬಿ, ವರ್ಷಕ್ಕೆ ಸುಮಾರು 730 ಎಂಬಿ. ಅಂಕಿ, ಅಕ್ಷರ ತುಂಬಿದ ಪುಟಕ್ಕೆ ಪಿಎನ್‌ಜಿಯೇ ಇರಲಿ. ಫೋಟೊ ತುಂಬಿದ ಪುಟಕ್ಕೆ --ಕ್ವಾಲಿಟಿ 80 ಕೊಟ್ಟರೆ ಜೆಪೆಗ್ ಆಗಿ ಗಾತ್ರ ಇಳಿಯುತ್ತದೆ.

ಪುರಾವೆಯಾಗಿ ಬೇಕಿದ್ದರೆ

ಹೆಡ್‌ಲೆಸ್ ಬ್ರೌಸರ್ ತೆಗೆದ ಚಿತ್ರದಲ್ಲಿ ವಿಳಾಸದ ಪಟ್ಟಿ ಇಲ್ಲ, ಗಡಿಯಾರ ಇಲ್ಲ. ಪುಟದಲ್ಲೇ ಬರೆದಿರದಿದ್ದರೆ ಯಾವ ತಾಣ, ಯಾವ ದಿನ ಎಂಬುದು ಚಿತ್ರದೊಳಗೆ ಎಲ್ಲೂ ಇರುವುದಿಲ್ಲ. ಕೆಲವರು ಜಾವಾಸ್ಕ್ರಿಪ್ಟ್‌ನಿಂದ ಪುಟದ ನೆತ್ತಿಗೆ ವಿಳಾಸ, ಸಮಯ ಅಂಟಿಸುತ್ತಾರೆ. ನೋಡಲು ಚೆಂದ, ಆದರೆ ಹಾಗೆ ಮಾಡಿದ ಚಿತ್ರ ಮೂಲ ಪುಟದ್ದಲ್ಲ ಎಂದು ಎದುರಿನವರು ಹೇಳಲು ನೀವೇ ಅವಕಾಶ ಕೊಟ್ಟಂತೆ. ಮುಟ್ಟದ ಚಿತ್ರ ಒಂದು, ಅದೇ ಹೊತ್ತಿಗೆ 'ಶಾಟ್-ಸ್ಕ್ರೇಪರ್ ಪಿಡಿಎಫ್' ಕಮಾಂಡ್‌ನಿಂದ ತೆಗೆದ ಪಿಡಿಎಫ್ ಒಂದು, ಎರಡನ್ನೂ ಇಡಿ. ತೀರಾ ಮುಖ್ಯವಾದ ದಿನಗಳಲ್ಲಿ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ 'ಸೇವ್ ಪೇಜ್ ನೌ' ಒತ್ತಿದರೆ ನಿಮಗೆ ಸಂಬಂಧವಿಲ್ಲದ ಮೂರನೆಯವರ ಬಳಿ ದಿನಾಂಕ ಸಮೇತ ಪ್ರತಿ ಉಳಿಯುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ, ಅದರ ನಮೂನೆಯಲ್ಲಿ ಹ್ಯಾಶ್ ಮೌಲ್ಯ ಬರೆಯಲು ಜಾಗವಿದೆ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಪವರ್‌ಶೆಲ್‌ನಲ್ಲಿ 'ಗೆಟ್-ಫೈಲ್‌ಹ್ಯಾಶ್' ಎಂದು ಬರೆದು ಫೈಲಿನ ಹೆಸರು ಕೊಟ್ಟರೆ 64 ಅಕ್ಷರದ ಎಸ್‌ಎಚ್‌ಎ-256 ಮೌಲ್ಯ ಬರುತ್ತದೆ. ದಿನದ ಕೆಲಸದ ಕೊನೆಯ ಸಾಲಾಗಿ ಇದನ್ನೂ ಸೇರಿಸಿ, ಮೌಲ್ಯಗಳನ್ನು ಒಂದು ಪಠ್ಯ ಫೈಲಿಗೆ ಬರೆಸಿಡಿ. ಆಮೇಲೆ ಫೈಲು ಬದಲಾಗಿಲ್ಲ ಎಂದಷ್ಟೇ ಇದು ತೋರಿಸುತ್ತದೆ, ಆವತ್ತು ತಾಣದಲ್ಲಿ ಅದೇ ಇತ್ತು ಎಂದಲ್ಲ. ವ್ಯಾಜ್ಯದ ವಿಷಯವಾದರೆ ವಕೀಲರಿಗೆ ಮೊದಲೇ ತೋರಿಸಿ. ಅವರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸಬೇಡಿ, ವಾಟ್ಸಾಪ್ ಅದನ್ನು ಕುಗ್ಗಿಸಿ ಹೊಸ ಫೈಲು ಮಾಡುತ್ತದೆ, ಹ್ಯಾಶ್ ತಾಳೆಯಾಗುವುದಿಲ್ಲ. ಕ್ಲಿಪ್ ಗುರುತು ಒತ್ತಿ 'ಡಾಕ್ಯುಮೆಂಟ್' ಆರಿಸಿ ಕಳಿಸಿ.